ಫುಲ್ ಸ್ಟಾಕ್ ರೈಫಲ್‌ಗೆ ತೆಳು ಬ್ಯಾರೆಲ್ ಹಾಕಿಸಲಾ, ಮಧ್ಯಮ ತೂಕದ್ದಾ?

ಫುಲ್ ಸ್ಟಾಕ್, ಅಂದರೆ ಮರದ ಹಿಡಿ (ಸ್ಟಾಕ್) ನಳಿಕೆಯ ಬಾಯಿಯವರೆಗೂ ಚಾಚಿರುವ ಬೇಟೆ ರೈಫಲ್ ಮಾಡಿಸಬೇಕು, ಯಾವ ತೂಕದ ಬ್ಯಾರೆಲ್ (ನಳಿಕೆ) ಹಾಕಿಸಲಿ ಅಂತ ಕೇಳಿದ್ದೀರಿ. ಅಂಥದ್ದೇ ರೈಫಲ್ ನನ್ನ ಹತ್ತಿರವೂ ಇತ್ತು. 308 ವಿಂಚೆಸ್ಟರ್ ಗುಂಡಿನದ್ದು, 20 ಇಂಚಿನ ಬ್ಯಾರೆಲ್, ಬಾಯಿಯವರೆಗೂ ವಾಲ್ನಟ್ ಮರ. ಗುಡ್ಡ ಹತ್ತೋಕೆ ಹಗುರ ಇರಲಿ ಅಂತ ನಾನೂ ತೆಳು ಬ್ಯಾರೆಲ್ಲನ್ನೇ ಹಾಕಿಸಿದೆ. ಅದರಿಂದ ಒಂದು ಜಿಂಕೆ ನರಳಿ ಸತ್ತಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಕೊಡಗಿನವನು, ಈಗ ಇರೋದು ಪೆನ್ಸಿಲ್ವೇನಿಯಾದಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಊರಿನಲ್ಲಿ ಬೇಟೆ ಅಂದರೆ ಅಜ್ಜ ಹೇಳುವ ಕಥೆ ಅಷ್ಟೇ. ಕೋವಿ ಮಾತ್ರ ಮನೆಯಲ್ಲಿತ್ತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಅದನ್ನು ಒರೆಸಿ, ನಳಿಕೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆ ಮಾಡುತ್ತಿದ್ದೆವು. ಹಾಗಾಗಿ ಕೋವಿ ಅಂದರೆ ಚೆಂದ ಇರಬೇಕು ಅನ್ನೋದು ನನಗೆ ಚಿಕ್ಕಂದಿನಿಂದ ಬಂದದ್ದು. ಇಲ್ಲಿಗೆ ಬಂದು ಲೈಸೆನ್ಸ್ ತೆಗೆದುಕೊಂಡು ಜಿಂಕೆ ಬೇಟೆ ಶುರು ಮಾಡಿದ ಮೇಲೆ, ಆಸ್ಟ್ರಿಯಾದ ಸ್ಟೈರ್‌ನಲ್ಲಿ ತಯಾರಾಗುತ್ತಿದ್ದ 1903ರ ಮ್ಯಾನ್‌ಲಿಕರ್ ಶೋನೌವರ್ ರೈಫಲ್ ಒಂದನ್ನು ಕೈಯಲ್ಲಿ ಹಿಡಿದು ನೋಡಿದೆ. 450 ಮಿಲಿಮೀಟರ್ ಬ್ಯಾರೆಲ್, ತುದಿಯವರೆಗೆ ಮರ. ಮಾಡಿಸಿದರೆ ಇಂಥದ್ದೇ ಮಾಡಿಸಬೇಕು ಅನ್ನಿಸಿತು.

ಬ್ಯಾರೆಲ್ ಆರಿಸುವಾಗ ನನ್ನ ಮುಂದೆ ಎರಡು ಇದ್ದವು. ಒಂದು ಬಾಯಿಯ ಹತ್ತಿರ 0.560 ಇಂಚು ದಪ್ಪ, ಇನ್ನೊಂದು, ಮಧ್ಯಮ ತೂಕದ್ದು, 0.650. ತೂಕದ ವ್ಯತ್ಯಾಸ ಹೆಚ್ಚು ಕಡಿಮೆ 200 ಗ್ರಾಂ. ತೆಳುವಾದದ್ದನ್ನು ತೆಗೆದುಕೊಂಡೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಸ್ಟಾಕ್ ಮಾಡುವವರಿಗೆ, ಮರಕ್ಕೂ ಉಕ್ಕಿಗೂ ನಡುವೆ ಕೂದಲು ಸಹ ತೂರಬಾರದು, ಅಷ್ಟು ಬಿಗಿಯಾಗಿ ಕೂರಿಸಿ ಅಂತ ಹೇಳಿದೆ. ಅವರು ಸ್ವಲ್ಪ ಸಂದು ಬಿಡೋಣ ಅಂದರು. ನಾನು ಬೇಡ ಅಂದೆ. ಮರದ ತುದಿಗೆ ಹಾಕುವ ಟೊಪ್ಪಿ, ಅಂದರೆ ನೋಸ್ ಕ್ಯಾಪ್ ಕೂಡ ಬ್ಯಾರೆಲ್ಲನ್ನು ಗಟ್ಟಿಯಾಗಿ ಹಿಡಿದಿತ್ತು. ಹೊರಗಡೆ ಎಣ್ಣೆ ಹತ್ತು ಸಲ ಹಚ್ಚಿ ಕನ್ನಡಿ ಥರ ಹೊಳೆಸಿದೆವು. ಬ್ಯಾರೆಲ್ ಕೂರುವ ಒಳಗಿನ ಕಾಲುವೆಗೆ ಏನೂ ಹಚ್ಚಲಿಲ್ಲ. ಯಾರಿಗೂ ಕಾಣಲ್ಲ ಅಲ್ವಾ?

ಇದರಲ್ಲಿ ತಪ್ಪೇನು ಅಂತ ಬಿಡಿಸಿ ಹೇಳುತ್ತೇನೆ. ಕೊಡಗಿನ ಮಳೆಗಾಲದಲ್ಲಿ ನಮ್ಮ ಮನೆ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಭುಜ ಕೊಟ್ಟು ನೂಕಬೇಕಿತ್ತು. ಮರ ನೀರು ಕುಡಿದರೆ ಉದ್ದಕ್ಕೆ ಅಷ್ಟಾಗಿ ಬೆಳೆಯಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಎಲ್ಲ ಕಡೆ ಒಂದೇ ಸಮ ಉಬ್ಬುವುದೂ ಇಲ್ಲ, ಎಳೆ ಹೋದ ಕಡೆ ತಿರುಚಿಕೊಳ್ಳುತ್ತದೆ. ಫುಲ್ ಸ್ಟಾಕ್‌ನಲ್ಲಿ ಆ ಮರ ಬ್ಯಾರೆಲ್‌ನ ಬಾಯಿಯವರೆಗೂ ಇರುತ್ತದೆ. ಅಷ್ಟು ದೂರದ ತುದಿಯಲ್ಲಿ ಕೊಂಚ ಒತ್ತಿದರೂ ಬ್ಯಾರೆಲ್ ಬಗ್ಗುತ್ತದೆ, ತೆಳು ಬ್ಯಾರೆಲ್ ಇನ್ನೂ ಸುಲಭವಾಗಿ ಬಗ್ಗುತ್ತದೆ. ಗಟ್ಟಿತನ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ 0.650ರ ಬಾಯಿ 0.560ಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಗಟ್ಟಿ. 200 ಗ್ರಾಂ ಉಳಿಸೋಕೆ ನಾನು ಬಿಟ್ಟುಕೊಟ್ಟದ್ದು ಅದನ್ನು.

ಆಗಸ್ಟ್‌ನ ಒಣ ಬಿಸಿಲಲ್ಲಿ ಗುರಿ ಅಭ್ಯಾಸದ ರೇಂಜ್‌ಗೆ ಹೋಗಿ ಗುರಿ ಕೂರಿಸಿದೆ. 100 ಗಜಕ್ಕೆ ಮೂರು ಗುಂಡು ಒಂದು ಇಂಚಿನೊಳಗೆ ಬಿದ್ದವು. ಥ್ಯಾಂಕ್ಸ್‌ಗಿವಿಂಗ್ ಆದ ಮೇಲಿನ ಶನಿವಾರ ಇಲ್ಲಿ ರೈಫಲ್ ಸೀಸನ್ ಶುರು. ಅದಕ್ಕೆ ಮೊದಲಿನ ಎರಡು ದಿನವೂ ಜಿಟಿಜಿಟಿ ಮಳೆ, ರೈಫಲ್ ಕ್ಯಾಬಿನ್ನಿನ ಜಗಲಿಯಲ್ಲೇ ಇತ್ತು. ಶನಿವಾರ ಮಧ್ಯಾಹ್ನ ನೂರಿಪ್ಪತ್ತು ಹೆಜ್ಜೆ ದೂರದಲ್ಲಿ ಒಂದು ಹೆಣ್ಣು ಜಿಂಕೆ ಪಕ್ಕಕ್ಕೆ ತಿರುಗಿ ನಿಂತಿತು. ಕೈ ನಡುಗಲಿಲ್ಲ, ಅವಸರ ಮಾಡಲಿಲ್ಲ, ಭುಜದ ಹಿಂದೆ ಗುರಿ ಇಟ್ಟು ಈಡು ಹಾರಿಸಿದೆ. ಜಿಂಕೆ ಬೆನ್ನು ಗೂನು ಮಾಡಿಕೊಂಡು ಓಡಿತು. ಹೋಗಿ ನೋಡಿದರೆ ಓಕ್ ಎಲೆಗಳ ಮೇಲೆ ರಕ್ತ ಕಡಿಮೆ, ಹಸಿರು ಕಲೆಸಿದ ನೀರು ಜಾಸ್ತಿ. ಹೊಟ್ಟೆಗೆ ಬಿದ್ದಿದೆ ಅಂತ ಅಲ್ಲೇ ಗೊತ್ತಾಯಿತು. ಮಳೆ ಮತ್ತೆ ಶುರುವಾಗಿ ಜಾಡು ಅಳಿಸಿ ಹೋಯಿತು. ರಾತ್ರಿ ಟಾರ್ಚ್ ಹಿಡಿದು, ಮರುದಿನ ಬೆಳಿಗ್ಗೆಯಿಂದ ಸಂಜೆವರೆಗೆ, ಇಬ್ಬರು ಸ್ನೇಹಿತರ ಜೊತೆ ಹುಡುಕಿದೆ. ಸಿಗಲಿಲ್ಲ.

ಸೋಮವಾರ ರೇಂಜ್‌ನಲ್ಲಿ ಅದೇ ರೈಫಲ್ 100 ಗಜಕ್ಕೆ ಐದು ಇಂಚು ಬಲಕ್ಕೆ ಹೊಡೆಯುತ್ತಿತ್ತು. ಬೆಂಚ್ ಮೇಲೆ ಮಲಗಿಸಿ ನೋಸ್ ಕ್ಯಾಪ್‌ನ ಸ್ಕ್ರೂ ಬಿಚ್ಚಿದೆ. ಕೊನೆಯ ಸುತ್ತಿಗೆ ಬ್ಯಾರೆಲ್ ಟಕ್ ಅಂತ ಎಡಕ್ಕೆ ಜರುಗಿತು. ಬೆರಳಿಗೆ ಗೊತ್ತಾಗುವಷ್ಟು.

ಆಮೇಲೆ ಕಾಲುವೆಯನ್ನು ಕೆರೆದು, ಬ್ಯಾರೆಲ್ ಸುತ್ತ ದಪ್ಪ ಕಾಗದ ಸಲೀಸಾಗಿ ಓಡಾಡುವಷ್ಟು ಸಂದು ಬಿಟ್ಟೆವು. ಒಳಗೆಲ್ಲ ಎಪಾಕ್ಸಿ ಹಚ್ಚಿ ನೀರು ಇಳಿಯದ ಹಾಗೆ ಮಾಡಿದೆವು. ಆಕ್ಷನ್ (ಬ್ಯಾರೆಲ್‌ನ ಹಿಂದೆ ಗುಂಡು ತುಂಬಿ ಹಾರಿಸುವ ಭಾಗ) ಕೂರುವ ಜಾಗ ಮಾತ್ರ ಬಿಗಿ. ನೋಸ್ ಕ್ಯಾಪ್ ಈಗ ಮರಕ್ಕಷ್ಟೇ ಅಂಟಿದೆ, ಬ್ಯಾರೆಲ್ ಅದರೊಳಗೆ ತಾಗದೆ ಹಾಯುತ್ತದೆ. ಇದು ಮಳೆಗೆ ಮಾತ್ರ ಅಲ್ಲ. ಅರ್ಧ ಮೀಟರ್ ಉಕ್ಕು 50 ಡಿಗ್ರಿ ಬಿಸಿಯಾದರೆ ಸುಮಾರು 0.3 ಮಿಲಿಮೀಟರ್ ಉದ್ದ ಆಗುತ್ತದೆ. ತುದಿಯಲ್ಲಿ ಕಟ್ಟಿಹಾಕಿದ್ದರೆ ಅದು ಎಲ್ಲಿಗೆ ಹೋಗಬೇಕು? ಬಾಗುತ್ತದೆ.

ಅದಕ್ಕೇ, ಯಾವ ತೂಕದ ಬ್ಯಾರೆಲ್ ಅಂತ ಮೊದಲು ಕೇಳಿದ್ದೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಮೊದಲು ಮರ ಹೇಗೆ ಕೂರುತ್ತದೆ ಅನ್ನೋದು ತೀರ್ಮಾನ ಆಗಲಿ. ಆಮೇಲೂ ಕೇಳಿದರೆ, ಮಧ್ಯಮದ್ದನ್ನೇ ತೆಗೆದುಕೊಳ್ಳಿ, ನಾನೂ ಎರಡು ವರ್ಷದ ನಂತರ ಅದಕ್ಕೇ ಬದಲಾಯಿಸಿದೆ. 200 ಗ್ರಾಂ ಹೆಗಲಿಗೆ ಗೊತ್ತಾಗಲ್ಲ. ಏದುಸಿರು ಬಿಡುತ್ತಾ ನಿಂತು ಗುರಿ ಹಿಡಿಯುವಾಗ ಮಾತ್ರ ಆ ಮುಂಭಾರ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಹೆವಿ ಬ್ಯಾರೆಲ್ ಮಾತ್ರ ಬೇಡ, ಅದನ್ನು ಸುತ್ತಿದ ಮರ ಒನಕೆ ಥರ ಕಾಣುತ್ತದೆ. 0.650ಕ್ಕೇ ತುದಿಯಲ್ಲಿ ಒಂದು ಇಂಚು ಅಗಲದ ಮರದಲ್ಲಿ ಎರಡೂ ಬದಿಗೆ ತಲಾ 4 ಮಿಲಿಮೀಟರ್ ಉಳಿದರೆ ಹೆಚ್ಚು.

ಬ್ಯಾರೆಲ್ ಆರ್ಡರ್ ಕೊಡುವ ಮೊದಲು ಸ್ಟಾಕ್ ಮಾಡುವವರಿಗೆ ಒಂದು ಫೋನ್ ಮಾಡಿ. ನೋಸ್ ಕ್ಯಾಪ್ ಬ್ಯಾರೆಲ್‌ಗೆ ತಾಗುತ್ತಾ, ಕಾಲುವೆ ಒಳಗೆ ಏನು ಹಚ್ಚುತ್ತೀರಿ ಅಂತ ಕೇಳಿ. ರೈಫಲ್ ಕೈಗೆ ಬಂದ ಮೇಲೆ ಎರಡು ದಿನ ಜಗಲಿಯ ತೇವದಲ್ಲಿಟ್ಟು, ಅದೇ ಸ್ಥಿತಿಯಲ್ಲಿ ರೇಂಜ್‌ಗೆ ಹೋಗಿ ಮೊದಲ ಗುಂಡು ಎಲ್ಲಿ ಬೀಳುತ್ತೆ ನೋಡಿ. ಅದು ಒಣ ದಿನದ ಜಾಗದಲ್ಲೇ ಬೀಳುವವರೆಗೂ ದಯವಿಟ್ಟು ಕಾಡಿಗೆ ಒಯ್ಯಬೇಡಿ.