ಸ್ಪೀಚ್ ಥೆರಪಿ ಕಲಿಯುವವರಿಗೆ ಆಡಿಯಾಲಜಿ ಏಕೆ ಬೇಕು?

ಪ್ರಶ್ನೆ: ವಿಜ್ಞಾನ ವಿಷಯಗಳನ್ನು ಓದಿದ್ದೇನೆ. ಸ್ಪೀಚ್ ಥೆರಪಿ ಕಲಿಯುವ ಆಸೆಯಿದೆ. ಆದರೆ ಪದವಿಯಲ್ಲಿ ಆಡಿಯಾಲಜಿಯನ್ನೂ, ಅಂದರೆ ಶ್ರವಣವಿಜ್ಞಾನವನ್ನೂ, ಓದಬೇಕು ಎನ್ನುತ್ತಾರೆ. ಭೌತವಿಜ್ಞಾನ, ಯಂತ್ರಗಳು ಎಂದರೆ ನನಗೆ ಅಷ್ಟಕ್ಕಷ್ಟೆ. ಅಲ್ಲದೆ ನಾನು ಮಿತಭಾಷಿ. ಈ ಕೋರ್ಸ್ ನನಗೆ ಹೊಂದುತ್ತದೆಯೇ?

ಉತ್ತರ: ಈ ಎರಡು ವಿಷಯಗಳು ಎಲ್ಲ ದೇಶಗಳಲ್ಲೂ ಒಂದೇ ಪದವಿಯಲ್ಲಿ ಬರುವುದಿಲ್ಲ. ಭಾರತದಲ್ಲಿ ಸ್ನಾತಕ ಹಂತದಲ್ಲಿ ಎರಡನ್ನೂ ಕಲಿತು ಸ್ನಾತಕೋತ್ತರದಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅಮೆರಿಕದಲ್ಲಿ ಸ್ಪೀಚ್ ಥೆರಪಿಗೆ ಸ್ನಾತಕೋತ್ತರ ಪದವಿಯೂ ಆಡಿಯಾಲಜಿಗೆ ಪ್ರತ್ಯೇಕ ಡಾಕ್ಟರೇಟ್ ಪದವಿಯೂ ಬೇಕು. ಆದರೆ ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಶ್ರವಣದ ಪಾಠವನ್ನು ಬಿಡಬೇಡಿ ಎಂದೇ ಹೇಳುತ್ತೇನೆ.

ಐದು ವರ್ಷದ ಮಗುವೊಂದು ‘ಸರ’ ಎನ್ನುವಲ್ಲಿ ‘ಅರ’ ಎನ್ನುತ್ತದೆ ಎಂದುಕೊಳ್ಳಿ. ನಾಲಿಗೆಗೆ ಅಭ್ಯಾಸ ಕೊಟ್ಟರೆ ಸರಿಹೋದೀತು ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಸಕಾರದ ಧ್ವನಿಶಕ್ತಿ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲಿರುತ್ತದೆ, ಸ್ವರಗಳದ್ದು ಅದಕ್ಕಿಂತ ಬಹಳ ಕೆಳಗೆ. ಎತ್ತರದ ಆವರ್ತನಗಳಷ್ಟೇ ಕೇಳಿಸದ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದರಿಂದ, ಮನೆಯವರಿಗೆ ಕಿವಿಯ ಮೇಲೆ ಅನುಮಾನವೇ ಬರುವುದಿಲ್ಲ. ಆಡಿಯೋಗ್ರಾಂ (ಶ್ರವಣ ಪರೀಕ್ಷೆಯ ಫಲಿತಾಂಶದ ನಕ್ಷೆ) ಓದಲು ಬಾರದ ಥೆರಪಿಸ್ಟ್, ಕೇಳಿಸದ ಧ್ವನಿಯನ್ನೇ ಉಚ್ಚರಿಸು ಎಂದು ಆ ಮಗುವನ್ನು ತಿಂಗಳುಗಟ್ಟಲೆ ಪೀಡಿಸುವ ಅಪಾಯವಿದೆ.

ಭೌತವಿಜ್ಞಾನದಲ್ಲಿ ನಿಮಗೆ ಮುಖ್ಯವಾಗಿ ಬೇಕಾಗುವುದು ಧ್ವನಿಯ ಭಾಗ. ಅದರಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವುದು ಡೆಸಿಬೆಲ್‌ನಲ್ಲಿ, ಏಕೆಂದರೆ ಅದು ಲಾಗರಿದಮ್ ಅಳತೆ. ಸೊನ್ನೆ ಡೆಸಿಬೆಲ್ ಎಂದರೆ ಧ್ವನಿಯೇ ಇಲ್ಲವೆಂದಲ್ಲ. ಇನ್ನು ಯಂತ್ರದ ಭಯ ಬೇಡ. ಶ್ರವಣ ಪರೀಕ್ಷೆಯನ್ನು ಸಾಮಾನ್ಯವಾಗಿ 1000 ಹರ್ಟ್ಸ್‌ನಿಂದ ಆರಂಭಿಸಿ, ಕೇಳಿಸಿತೆಂದಾಗ 10 ಡೆಸಿಬೆಲ್ ಇಳಿಸುತ್ತಾ, ಕೇಳಿಸದಾಗ 5 ಡೆಸಿಬೆಲ್ ಏರಿಸುತ್ತಾ ಹೋಗುತ್ತಾರೆ. ಗುಂಡಿ ಒತ್ತುವುದು ಬೇಗ ಕೈಗೆ ಹತ್ತುತ್ತದೆ. ಕಷ್ಟವಿರುವುದು ಕೋಣೆಯೊಳಗೆ ಕುಳಿತವರನ್ನು ಗಮನಿಸುವುದರಲ್ಲಿ. ಧ್ವನಿಯನ್ನು ಒಂದೇ ತಾಳದಲ್ಲಿ ಕೊಡುತ್ತಾ ಹೋದರೆ, ಅವರು ಕೇಳಿಸದಿದ್ದರೂ ಆ ತಾಳ ಹಿಡಿದು ಬೆರಳೆತ್ತಿಬಿಡುತ್ತಾರೆ.

ಮಿತಭಾಷಿಯಾಗಿರುವುದು ಇಲ್ಲಿ ಕೊರತೆಯಲ್ಲ. ಪಾರ್ಶ್ವವಾಯುವಿನ ನಂತರ ಅಫೇಸಿಯಾ (ಮಿದುಳಿನ ಹಾನಿಯಿಂದ ಭಾಷೆಗೆ ಬರುವ ತೊಂದರೆ) ಬಂದವರು ‘ಬೀಗದ ಕೈ’ ಎಂಬ ಪದಕ್ಕಾಗಿ ತಡಕಾಡುತ್ತಾ ‘ಬಾಗಿಲು’ ಎಂದರೆ, ಅರ್ಥದ ನಂಟು ಅವರಲ್ಲಿ ಉಳಿದಿದೆ ಎಂಬುದು ಆ ತಪ್ಪಿನಿಂದಲೇ ತಿಳಿಯುತ್ತದೆ. ಮಾತುಗಾರ ವಿದ್ಯಾರ್ಥಿ ತಡೆಯಲಾರದೆ ಪದವನ್ನು ತಾನೇ ಹೇಳಿಬಿಟ್ಟು ಆ ಸುಳಿವನ್ನು ಕಳೆದುಕೊಳ್ಳುತ್ತಾನೆ. ಆದರೆ ಮನೆಯವರಿಗೆ ಅದೇ ವಿವರಣೆಯನ್ನು ಬೇಸರಿಸದೆ ನಾಲ್ಕು ಸಲ ಹೇಳುವ ತಾಳ್ಮೆ ಮಾತ್ರ ಬೇಕೇ ಬೇಕು.

ಪಠ್ಯದಲ್ಲಿ ಅಂಗರಚನೆ, ನರವಿಜ್ಞಾನ, ಭಾಷಾವಿಜ್ಞಾನ, ಮನೋವಿಜ್ಞಾನ ಎಲ್ಲವೂ ಇವೆ. ನುಂಗುವ ತೊಂದರೆಯ ಚಿಕಿತ್ಸೆಯೂ ಈ ವೃತ್ತಿಯವರದೇ ಎಂಬುದು ಹಲವರಿಗೆ ಸೇರಿದ ಮೇಲಷ್ಟೇ ಗೊತ್ತಾಗುತ್ತದೆ.

ಅರ್ಜಿ ಹಾಕುವ ಮೊದಲು ಮೂರು ಸಂಗತಿಗಳನ್ನು ಕೇಳಿ ತಿಳಿದುಕೊಳ್ಳಿ: ನೀವು ಕೆಲಸ ಮಾಡಬಯಸುವ ದೇಶದಲ್ಲಿ ವೃತ್ತಿ ನೋಂದಣಿಗೆ ಆ ಪದವಿ ಸಲ್ಲುತ್ತದೆಯೇ, ಸಂಸ್ಥೆಗೆ ಸ್ವಂತ ಕ್ಲಿನಿಕ್ ಇದೆಯೇ, ಮತ್ತು ಅಲ್ಲಿ ವಿದ್ಯಾರ್ಥಿ ಚಿಕಿತ್ಸೆ ನೀಡುವಾಗ ಮೇಲ್ವಿಚಾರಕರು ನಿಜವಾಗಿಯೂ ಪಕ್ಕದಲ್ಲಿರುತ್ತಾರೆಯೇ. ಕೊನೆಯದಕ್ಕೆ ಕಚೇರಿಯವರ ಉತ್ತರಕ್ಕಿಂತ ಅಲ್ಲಿನ ಹಿರಿಯ ವಿದ್ಯಾರ್ಥಿಗಳ ಉತ್ತರವನ್ನೇ ನಂಬಿ.