ಗ್ಯಾರೇಜ್ ಕಟ್ಟೆ: ಹೊಸ ಆಯಿಲ್ ಹಾಕಿದ ಮೇಲೆ ಬಂದ ಕಟಕಟ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಸದ್ದಿನದ್ದೇ. ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ‘ಎಂಜಿನ್‌ನಲ್ಲಿ ಸೌಂಡ್ ಬರ್ತಿದೆ, ಏನು ಮಾಡಲಿ’ ಎಂದು ಬರೆದರೆ ನನಗೆ ಏನೂ ಗೊತ್ತಾಗುವುದಿಲ್ಲ. ಕಿವಿಗೆ ಹೇಗೆ ಕೇಳಿಸಿತೋ ಹಾಗೇ ಬರೆಯಿರಿ. ಟಿಕಟಿಕ, ಕಟಕಟ, ಗರಗರ, ಗಲಗಲ, ಚುಸ್ ಚುಸ್, ಧಡ್ ಧಡ್. ನಮ್ಮ ಭಾಷೆಯಲ್ಲಿ ಸದ್ದುಗಳಿಗೇನು ಬರಗಾಲವೇ? ಎಂಜಿನ್‌ನಲ್ಲಿ ಒಂದೊಂದು ಸದ್ದಿಗೂ ಒಂದೊಂದು ಮನೆ ಇದೆ. ಎಷ್ಟು ಸೆಕೆಂಡ್ ಇತ್ತು ಅನ್ನುವುದನ್ನೂ ಬರೆಯಿರಿ. ಮೊದಲ ಪತ್ರದವರು ಎರಡನ್ನೂ ಬರೆದಿದ್ದಾರೆ, ಹಾಗಾಗಿ ಅವರಿಗೆ ಉದ್ದದ ಉತ್ತರ.

ಪ್ರಶ್ನೆ: ನನ್ನದು ಪೆಟ್ರೋಲ್ ಪಿಕಪ್ ಟ್ರಕ್, 1 ಲಕ್ಷ 60 ಸಾವಿರ ಕಿಲೋಮೀಟರ್ ಓಡಿದೆ. ಹೋದ ವಾರ ನಾನೇ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ. ಆಯಿಲ್ ಮೊದಲಿನ ನಂಬರಿನದೇ, ಫಿಲ್ಟರ್ ಮಾತ್ರ ಬೇರೆ ಕಂಪನಿಯದು. ಮಾರನೇ ದಿನದಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ‘ಕಟಕಟಕಟ’ ಎಂದು ಮೂರು ನಾಲ್ಕು ಸೆಕೆಂಡ್ ಸದ್ದು ಬರುತ್ತದೆ, ಆಮೇಲೆ ನಿಂತುಹೋಗುತ್ತದೆ. ಮಧ್ಯಾಹ್ನ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಫಿಲ್ಟರ್ ಎಂಜಿನ್ನಿನ ಪಕ್ಕಕ್ಕೆ ಅಡ್ಡಡ್ಡ ಕೂತಿದೆ. ನನ್ನ ಕೈಯಿಂದಲೇ ಎಂಜಿನ್ ಹಾಳಾಯಿತೇ?

ಉತ್ತರ: ಎಂಜಿನ್ ಹಾಳಾಗಿಲ್ಲ ಅಂತಲೇ ನನ್ನ ಅಂದಾಜು. ನೀವು ಬದಲಾಯಿಸಿದ್ದು ಎರಡೇ ವಸ್ತು. ಅದರಲ್ಲಿ ಒಂದು ಮೊದಲಿನದೇ, ಇನ್ನೊಂದು ಬೇರೆಯದು. ಬೇರೆ ಆಗಿರುವುದನ್ನೇ ಮೊದಲು ಹಿಡಿಯಬೇಕು ಅಲ್ವಾ?

ಗಾಡಿ ನಿಂತಾಗ ಒಳಗೆ ಏನಾಗುತ್ತದೆ ನೋಡಿ. ಓಡುವಾಗ ಪಂಪು ಕೆಳಗಿನ ಚೇಂಬರಿನಿಂದ ಆಯಿಲ್ ಎಳೆದು ಫಿಲ್ಟರಿನ ಒಳಕ್ಕೆ ತಳ್ಳುತ್ತದೆ. ಅಲ್ಲಿಂದ ಸಣ್ಣ ಸಣ್ಣ ದಾರಿಗಳಲ್ಲಿ ಅದು ಮೇಲಿನ ಕ್ಯಾಮ್, ವಾಲ್ವುಗಳವರೆಗೂ ಹೋಗುತ್ತದೆ. ಎಂಜಿನ್ ನಿಂತರೆ ಪಂಪೂ ನಿಂತಿತು. ಆಯಿಲ್ ನಿಧಾನಕ್ಕೆ ಬಂದ ದಾರಿಯಲ್ಲೇ ಕೆಳಗೆ ಇಳಿಯಲು ನೋಡುತ್ತದೆ. ಅದನ್ನು ತಡೆಯಲು ಫಿಲ್ಟರಿನ ಬಾಯಲ್ಲಿ ಒಂದು ರಬ್ಬರ್ ಪೊರೆ ಇರುತ್ತದೆ. ಫಿಲ್ಟರ್ ತಿರುಗಿಸಿ ನೋಡಿದರೆ ನಡುವೆ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು ಕಾಣುತ್ತವೆ. ಸುತ್ತಲಿನ ತೂತುಗಳಿಂದ ಆಯಿಲ್ ಒಳಗೆ, ನಡುವಿನದರಿಂದ ಹೊರಗೆ. ಆ ಸಣ್ಣ ತೂತುಗಳಲ್ಲಿ ಇಣುಕಿದರೆ ಕಾಣುವ ಕಪ್ಪು ಅಥವಾ ಕಿತ್ತಳೆ ಬಣ್ಣದ ರಬ್ಬರೇ ಆ ಪೊರೆ. ಆಯಿಲ್ ಬಂದಾಗ ಬಾಗಿ ದಾರಿ ಬಿಡುತ್ತದೆ, ನಿಂತಾಗ ತೂತಿಗೆ ಅಂಟಿ ಕೂರುತ್ತದೆ. ಕೂರದಿದ್ದರೆ ರಾತ್ರಿಯಿಡೀ ಆಯಿಲ್ ಜಾರಿ ಚೇಂಬರು ಸೇರುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಪಂಪು ಮೊದಲು ಖಾಲಿ ಡಬ್ಬಿ ತುಂಬಿಸಬೇಕು, ಆಮೇಲೆ ದಾರಿ ತುಂಬಿಸಬೇಕು, ಆಮೇಲೆ ಮೇಲಕ್ಕೆ ತಲುಪಬೇಕು. ಆ ಮೂರು ನಾಲ್ಕು ಸೆಕೆಂಡ್ ಮೇಲಿನ ಲೋಹಗಳು ಹೊಟ್ಟೆಗಿಲ್ಲದೆ ಕಟಕಟ ಅನ್ನುತ್ತವೆ.

ಫಿಲ್ಟರ್ ಬಾಯಿ ಮೇಲಾಗಿ ನೇರ ನಿಂತಿದ್ದರೆ ಪೊರೆ ಸರಿ ಇಲ್ಲದಿದ್ದರೂ ಡಬ್ಬಿಯಲ್ಲಿ ಆಯಿಲ್ ಉಳಿಯುತ್ತದೆ. ನಿಮ್ಮದು ಅಡ್ಡ ಮಲಗಿದೆ. ಬಾಟಲಿ ಅಡ್ಡ ಮಲಗಿಸಿದ ಹಾಗೆ. ಮುಚ್ಚಳ ಗಟ್ಟಿ ಇಲ್ಲದಿದ್ದರೆ ಸೋರದೆ ಇನ್ನೇನು ಮಾಡೀತು? ಅರ್ಧ ಗಂಟೆ ನಿಂತರೆ ಸದ್ದಿಲ್ಲ, ರಾತ್ರಿ ಕಳೆದರೆ ಸದ್ದಿದೆ ಎಂದಿದ್ದೀರಲ್ಲ, ಆ ಒಂದು ಸಾಲು ಓದಿಯೇ ನನ್ನ ಬೆರಳು ಫಿಲ್ಟರಿನ ಕಡೆ ಹೋಯಿತು.

ಇಷ್ಟು ಧೈರ್ಯವಾಗಿ ಹೇಳುವುದಕ್ಕೆ ಕಾರಣ, ಒಮ್ಮೆ ನಾನೇ ಇದರಲ್ಲಿ ಮುಖ ಕೆಡಿಸಿಕೊಂಡಿದ್ದೇನೆ. ಆಗ ಕೈಯಲ್ಲಿ ಕೆಲಸ ಇತ್ತು, ತಲೆಯಲ್ಲಿ ಜಂಬ ಇತ್ತು. ಇಂಥದೇ ಸದ್ದಿನ ಟ್ರಕ್ ಬಂತು. ಕಿವಿಗೊಟ್ಟ ತಕ್ಷಣ ‘ಹೈಡ್ರಾಲಿಕ್ ಲಿಫ್ಟರ್ ಹೋಗಿದೆ’ ಎಂದು ತೀರ್ಪು ಕೊಟ್ಟೆ. ಲಿಫ್ಟರ್ ಅಂದರೆ ಕ್ಯಾಮಿಗೂ ವಾಲ್ವಿಗೂ ನಡುವೆ ಕೂತು, ಆಯಿಲ್ ಒತ್ತಡದಿಂದ ಸಂದು ತುಂಬುವ ಸಣ್ಣ ಭಾಗ. ಎರಡು ದಿನ ಕೂತು 16 ಲಿಫ್ಟರ್ ಬದಲಾಯಿಸಿದೆ. ಮೂರನೇ ದಿನ ಬೆಳಿಗ್ಗೆ ಸೆಲ್ಫ್ ಹೊಡೆದರೆ ಅದೇ ಕಟಕಟ, ಅದೇ ನಾಲ್ಕು ಸೆಕೆಂಡ್. ಗಾಡಿಯ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅವರು ಏನೂ ಅನ್ನಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು. ಸ್ಪ್ಯಾನರ್ ಎತ್ತಿಕೊಡುತ್ತಿದ್ದ ಹುಡುಗ ಮೆಲ್ಲಗೆ, ‘ಅಣ್ಣ, ಹೋದ ತಿಂಗಳು ಫಿಲ್ಟರ್ ನಾವೇ ಹಾಕಿದ್ದಲ್ವಾ?’ ಅಂದ.

ಫಿಲ್ಟರ್ ಬಿಚ್ಚಿ, ಕಟರ್ ಹಾಕಿ ಡಬ್ಬಿಯನ್ನು ಸುತ್ತ ಕೊಯ್ದೆವು. ಒಳಗಿನ ರಬ್ಬರ್ ಪೊರೆ ಒಣಗಿದ ಎಲೆಯ ಹಾಗೆ ಅಂಚಿನಲ್ಲಿ ಮೇಲಕ್ಕೆ ಸುರುಳಿ ಸುತ್ತಿಕೊಂಡಿತ್ತು. ಉಗುರಿನಿಂದ ಒತ್ತಿದರೆ ಟಕ್ ಅಂತ ಸದ್ದು ಬರುವಷ್ಟು ಗಡಸು. ನನ್ನ ಕಪಾಟಿನ ಮೂಲೆಯಲ್ಲಿ ಎಷ್ಟು ವರ್ಷ ಕೂತಿತ್ತೋ ಆ ಫಿಲ್ಟರ್! ಸಾದಾ ನೈಟ್ರೈಲ್ ರಬ್ಬರ್ ಬಿಸಿಗೆ, ವಯಸ್ಸಿಗೆ ಗಡಸಾಗುತ್ತದೆ. ಸಿಲಿಕೋನ್ ರಬ್ಬರ್ ಚಳಿಯಲ್ಲೂ ಬಿಸಿಯಲ್ಲೂ ಮೆತ್ತಗೇ ಉಳಿಯುತ್ತದೆ. ಆವತ್ತಿನಿಂದ ಹೊಸ ಫಿಲ್ಟರಾದರೂ ಸಣ್ಣ ತೂತಿನಲ್ಲಿ ಮೊಂಡು ಕಡ್ಡಿ ಹಾಕಿ ಪೊರೆಯನ್ನು ಮೆಲ್ಲಗೆ ಒತ್ತಿ ನೋಡುತ್ತೇನೆ. ಬಾಗಿ ತಿರುಗಿ ತನ್ನ ಜಾಗಕ್ಕೆ ಬಂದರೆ ಮಾತ್ರ ಗಾಡಿಗೆ ಹಾಕುವುದು.

ನೀವೂ ಹಾಗೇ ಮಾಡಿ. ಗಾಡಿಯ ಮ್ಯಾನುಯಲ್‌ನಲ್ಲಿ ಹೇಳಿರುವ ನಂಬರಿನ ಫಿಲ್ಟರ್ ತನ್ನಿ. ತಿರುಪಿನ ಮರೆ ಒಂದೇ, ಡಬ್ಬಿಯ ಅಳತೆ ಒಂದೇ ಅಂದಮಾತ್ರಕ್ಕೆ ಫಿಲ್ಟರ್ ಒಂದೇ ಅಲ್ಲ. ಕೆಲವಕ್ಕೆ ಈ ಪೊರೆಯೇ ಇರುವುದಿಲ್ಲ, ಅದು ಬೇಕಿಲ್ಲದ ಎಂಜಿನ್‌ಗಳಿಗಾಗಿ ಮಾಡಿದವು. ಫಿಲ್ಟರ್ ಕಟ್ಟಿಕೊಂಡಾಗ ಆಯಿಲನ್ನು ಸೋಸದೆಯೇ ದಾಟಿಸುವ ಬೈಪಾಸ್ ವಾಲ್ವು ಎಷ್ಟು ಒತ್ತಡಕ್ಕೆ ತೆರೆಯಬೇಕು ಅನ್ನುವುದೂ ಒಂದೊಂದರಲ್ಲಿ ಒಂದೊಂದು ಥರ. ಹಳೆಯದನ್ನು ಬಿಚ್ಚುವಾಗ ಅದರ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಅದರ ಮೇಲೇ ಹೊಸದನ್ನು ಬಿಗಿದರೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಚಿಮ್ಮಿ ಕೆಳಗೆ ಹೊಳೆ ಹರಿಯುತ್ತದೆ. ನೋಡಿದ್ದೇನೆ, ಒರೆಸಿದ್ದೇನೆ ಕೂಡ.

ಫಿಲ್ಟರಿಗೆ ಕೈ ಹಾಕುವ ಮೊದಲು ಎರಡು ಸುಲಭದ ಕೆಲಸ ಇದೆ. ಒಂದು, ಡಿಪ್‌ಸ್ಟಿಕ್. ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ. ಕಡಿಮೆ ಇದ್ದರೆ ಪಂಪು ಗಾಳಿ ಎಳೆಯಬಹುದು. ಜಾಸ್ತಿ ಇದ್ದರೂ ತೊಂದರೆಯೇ. ಕೆಳಗೆ ತಿರುಗುವ ಕ್ರ್ಯಾಂಕು ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ತುಂಬಿದ ಲಿಫ್ಟರ್ ಟಿಕಟಿಕ ಅನ್ನುತ್ತದೆ. ‘ಇರಲಿ, ಒಂದು ಲೀಟರ್ ಜಾಸ್ತಿ’ ಅನ್ನುವವರು ಇದನ್ನು ಎರಡು ಸಲ ಓದಿ. ಎರಡು, ಗಾಡಿಯ ಕೆಳಗೆ ಇಣುಕಿ. ಡ್ರೈನ್ ಬೋಲ್ಟಿಗೆ ಕೈ ಹೋಗಲೆಂದು ತೆಗೆದ ತಗಡು ಅಥವಾ ಪ್ಲಾಸ್ಟಿಕ್ ಕವಚವನ್ನು ಎಲ್ಲಾ ಬೋಲ್ಟ್ ಹಾಕಿ ಬಿಗಿದಿದ್ದೀರಾ? ಸ್ಟಾರ್ಟ್ ಆಗುವಾಗ ಎಂಜಿನ್ ಒಮ್ಮೆ ಮೈ ಕೊಡವುತ್ತದೆ. ಆಗ ಸಡಿಲ ತಗಡು ಗಲಗಲ ಅನ್ನುತ್ತದೆ. ಕಟಕಟವನ್ನೂ ಗಲಗಲವನ್ನೂ ಒಂದೇ ಎಂದುಕೊಂಡು ಎಂಜಿನ್ ಬಿಚ್ಚಿದವರಿದ್ದಾರೆ.

ಇನ್ನೊಂದು ಮಾತು. ಕೆಲಸ ಮುಗಿಸಿದ ಮಾರನೇ ದಿನ ಮನುಷ್ಯನಿಗೆ ನಾಲ್ಕು ಕಿವಿ. ಮೊದಲಿನಿಂದ ಇದ್ದ ಸದ್ದೂ ಅವತ್ತೇ ಕೇಳಿಸುತ್ತದೆ. ಟ್ರಕ್ಕುಗಳಲ್ಲಿ ಎಂಜಿನ್ನಿನ ಹೊಗೆಯನ್ನು ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ಮುರಿದು ಹೊಗೆ ಸೋರುವುದು ಉಂಟು. ತಣ್ಣಗಿದ್ದಾಗ ‘ಚುಸ್ ಟಿಕ್, ಚುಸ್ ಟಿಕ್’ ಅನ್ನುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚಿ ಸುಮ್ಮನಾಗುತ್ತದೆ. ಆದರೆ ಅದಕ್ಕೆ ಸೆಕೆಂಡುಗಳು ಸಾಲವು, ನಿಮಿಷಗಳೇ ಬೇಕು. ನಿಮ್ಮದು ನಾಲ್ಕು ಸೆಕೆಂಡಿಗೆ ನಿಲ್ಲುತ್ತದಲ್ಲ, ಹಾಗಾಗಿ ಅದಲ್ಲ. ಸರಿಯಾದ ಫಿಲ್ಟರ್ ಹಾಕಿ ಒಂದು ರಾತ್ರಿ ಕಳೆದ ಮೇಲೂ ಕಟಕಟ ಬಂದರೆ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನಿನ ಟೆನ್ಷನರ್ ನೋಡಿಸಿ. ಬಹಳ ಎಂಜಿನ್‌ಗಳಲ್ಲಿ ಅದು ಆಯಿಲ್ ಒತ್ತಡದಿಂದಲೇ ಚೈನನ್ನು ಬಿಗಿ ಹಿಡಿಯುವುದು. ಅದರ ಸದ್ದು ಎಂಜಿನ್ನಿನ ಮುಂಭಾಗದಿಂದ ಬರುತ್ತದೆ, ಸರಪಳಿ ತಗಡಿನ ಮೇಲೆ ಎಳೆದಾಡಿದ ಹಾಗೆ. ಲಿಫ್ಟರ್ ಸದ್ದು ಮೇಲಿನಿಂದ.

ಪ್ರಶ್ನೆ: ನಾನು ದೊಡ್ಡ ಡೀಸೆಲ್ ಟ್ರಕ್ ಓಡಿಸುವವನು, ಟರ್ಬೊ ಇದೆ. ಆಯಿಲ್ ಬದಲಾಯಿಸಿದ ಮೇಲೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಬಹಳ ಗಲಾಟೆ. ಫಿಲ್ಟರಿಗೆ ಮೊದಲೇ ಆಯಿಲ್ ತುಂಬಿಸಿ ಹಾಕಿದರೆ ಒಳ್ಳೆಯದು ಅನ್ನುತ್ತಾರೆ ಕೆಲವರು, ಹಾಗೆ ಮಾಡಲೇಬಾರದು ಅನ್ನುತ್ತಾರೆ ಇನ್ನು ಕೆಲವರು. ಯಾರನ್ನು ನಂಬಲಿ?

ಉತ್ತರ: ಇಬ್ಬರದೂ ಅರ್ಧ ಸರಿ. ಒಣ ಫಿಲ್ಟರ್ ತುಂಬಿಕೊಳ್ಳುವವರೆಗೆ ಬೇರಿಂಗಿಗೆ ಆಯಿಲ್ ಇಲ್ಲ ಅನ್ನುವುದು ನಿಜ. ಆದರೆ ನಡುವಿನ ದೊಡ್ಡ ತೂತಿಗೆ ಸುರಿದರೆ ಆ ಆಯಿಲ್ ಸೋಸದೆಯೇ ನೇರವಾಗಿ ಬೇರಿಂಗಿಗೂ ಟರ್ಬೊಗೂ ಹೋಗುತ್ತದೆ. ಡಬ್ಬದ ಬಾಯಲ್ಲಿದ್ದ ಧೂಳು, ಸೀಲಿನ ಚೂರು, ಎಲ್ಲವೂ ಜೊತೆಗೆ. ಅದಕ್ಕೇ ದೊಡ್ಡ ಎಂಜಿನ್ ತಯಾರಕರಲ್ಲಿ ಕೆಲವರು ಬೇಡವೇ ಬೇಡ ಅನ್ನುತ್ತಾರೆ. ನಿಮ್ಮ ಮ್ಯಾನುಯಲ್ ತುಂಬಿಸಿ ಎಂದಿದ್ದರೆ ಮಾತ್ರ ತುಂಬಿಸಿ. ಅದೂ ನಡುವಿನ ತೂತಿಗೆ ಮುಚ್ಚಳ ಒತ್ತಿ, ಸುತ್ತಲಿನ ಸಣ್ಣ ತೂತುಗಳಿಂದ, ನಿಧಾನಕ್ಕೆ. ತಾಳ್ಮೆ ಬೇಕು. ಗುಳುಗುಳು ಎಂದು ಗಾಳಿ ಹೊರಗೆ ಬರುತ್ತಾ ಒಳಗೆ ಇಳಿಯುತ್ತದೆ.

ನಾನು ಇದಕ್ಕಿಂತ ಜಾಸ್ತಿ ನಂಬುವುದು ಇನ್ನೊಂದನ್ನು. ಇಂಧನ ನಿಲ್ಲಿಸಿ ಸೆಲ್ಫ್ ಮಾತ್ರ ಹೊಡೆಯುವುದು. ಹಳೆಯ ಪಂಪಿನ ಎಂಜಿನ್ನಿಗೆ ಸ್ಟಾಪ್ ಲಿವರ್ ಎಳೆದು ಹಿಡಿದರೆ ಸಾಕು. ಹೊಸದಕ್ಕೆ ಹೇಗೆ ಎಂದು ಮ್ಯಾನುಯಲ್ ನೋಡಿ. ಹತ್ತು ಸೆಕೆಂಡ್ ಹೊಡೆದು ಬಿಡಿ. ಸ್ಟಾರ್ಟರ್ ತಣ್ಣಗಾಗಲಿ, ಆಮೇಲೆ ಮತ್ತೊಮ್ಮೆ. ಆಯಿಲ್ ಒತ್ತಡದ ಗೇಜಿನ ಮುಳ್ಳು ಅಲುಗಿದ ಮೇಲೆ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ತಕ್ಷಣ ಆಕ್ಸಿಲರೇಟರ್ ಮೇಲೆ ಕಾಲು ಇಡಬೇಡಿ. ಟರ್ಬೊ ದಂಡ ನಿಮಿಷಕ್ಕೆ ಲಕ್ಷ ಸುತ್ತು ತಿರುಗಬಲ್ಲದು, ಅದು ತೇಲುವುದು ಆಯಿಲಿನ ತೆಳು ಪದರದ ಮೇಲೆ. ಪದರ ಬರುವ ಮೊದಲೇ ಭರ್ರೆಂದು ಎಬ್ಬಿಸಿದರೆ ಲೋಹಕ್ಕೆ ಲೋಹ ತಿಕ್ಕುತ್ತದೆ.

ಆಯಿಲ್ ಲೈಟ್ ಹತ್ತು ಸೆಕೆಂಡಾದರೂ ಆರದಿದ್ದರೆ ಬಂದ್ ಮಾಡಿ. ಆರಿದ ಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ. ಆ ಲೈಟಿನ ಸ್ವಿಚ್ಚು ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ (ಒತ್ತಡದ ಅಳತೆ) ಸುಮಾರಿಗೇ ಸಮಾಧಾನವಾಗಿಬಿಡುತ್ತದೆ. ಡೀಸೆಲ್ ತಣ್ಣಗಿದ್ದಾಗ ಕಟಗುಟ್ಟುವುದು ಅದರ ಹುಟ್ಟುಗುಣ, ಆಯಿಲಿಗೂ ಅದಕ್ಕೂ ಸಂಬಂಧವಿಲ್ಲ. ಎರಡು ನಿಮಿಷ ಬಿಸಿಯಾಗಲು ಬಿಟ್ಟು ಆಮೇಲೆ ತೀರ್ಮಾನ ಮಾಡಿ.

ಪ್ರಶ್ನೆ: ಟ್ಯಾಪೆಟ್ (ವಾಲ್ವು ತಳ್ಳುವ ಭಾಗ) ಸದ್ದು ಕಡಿಮೆಯಾಗಲಿ ಎಂದು 15ಡಬ್ಲ್ಯು-40 ಆಯಿಲ್ ಬದಲು 20ಡಬ್ಲ್ಯು-50 ಹಾಕಿದೆ. ಓಡುವಾಗ ಮೆತ್ತಗಾಗಿದೆ, ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮೊದಲಿಗಿಂತ ಜಾಸ್ತಿ. ಹೀಗೂ ಆಗುತ್ತದೆಯೇ?

ಉತ್ತರ: ಆಗದೆ ಏನು! ದಪ್ಪ ಆಯಿಲ್ ಸದ್ದನ್ನು ಮುಚ್ಚುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಡಬ್ಲ್ಯು ಮೊದಲಿನ ಅಂಕಿ ಚಳಿಯ ಲೆಕ್ಕ. ಅದು ದೊಡ್ಡದಾದಷ್ಟೂ ತಣ್ಣಗಿದ್ದಾಗ ಆಯಿಲ್ ಹರಿಯಲು ಸೋಮಾರಿ. ಕೊನೆಯ ಅಂಕಿ ಬಿಸಿಯ ಲೆಕ್ಕ, 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುವುದು. ನೀವು ಎರಡನ್ನೂ ಏರಿಸಿದ್ದೀರಿ. ಬಿಸಿಯಾದ ಮೇಲೆ ದಪ್ಪ ಪದರ ಬಂತು, ಸದ್ದು ಅಡಗಿತು. ಬೆಳಿಗ್ಗೆ ಅದೇ ಆಯಿಲ್ ಮೇಲಕ್ಕೆ ತಲುಪುವುದು ತಡವಾಯಿತು. ಮ್ಯಾನುಯಲ್‌ನಲ್ಲಿರುವ ನಂಬರಿಗೆ ವಾಪಸ್ ಹೋಗಿ.

ಇನ್ನು, ನಿಮ್ಮ ಎಂಜಿನ್ನಿನಲ್ಲಿ ಲಿಫ್ಟರ್ ಇದೆಯೋ, ಸ್ಕ್ರೂ ತಿರುಗಿಸಿ ಸಂದು ಹೊಂದಿಸುವ ಹಳೇ ಥರದ ಟ್ಯಾಪೆಟ್ ಇದೆಯೋ ಕೇಳಿ ತಿಳಿಯಿರಿ. ಎರಡನೆಯದಾದರೆ ಫೀಲರ್ ಗೇಜ್ ಎಂಬ ತೆಳು ಅಳತೆಪಟ್ಟಿ ಹಾಕಿ ಸಂದು ನೋಡಿಸಿ. ಸಂದು ಜಾಸ್ತಿಯಾಗಿ ಬರುವ ಟಿಕಟಿಕಕ್ಕೆ ಯಾವ ಆಯಿಲೂ ಮದ್ದಲ್ಲ.

ಪ್ರಶ್ನೆ: ನನ್ನದು ನಾಲ್ಕು ಸೆಕೆಂಡಿನ ಸದ್ದಲ್ಲ. ಆಯಿಲ್ ಹಾಕಿಸಿದ ದಿನದಿಂದ ಬಿಸಿಯಾದಾಗಲೂ ಕೆಳಗಿನಿಂದ ಧಡ್ ಧಡ್ ಅನ್ನುತ್ತದೆ, ಲೋಡ್ ಹಾಕಿ ಏರಿದರೆ ಇನ್ನೂ ಜೋರು. ಕೆಲಸ ನಿಲ್ಲಿಸುವ ಹಾಗಿಲ್ಲ. ಮುಂದಿನ ಸರ್ವೀಸ್‌ವರೆಗೆ ಓಡಿಸಬಹುದೇ?

ಉತ್ತರ: ಬೇಡ. ಇದು ಬೇರಿಂಗಿನ ಸದ್ದಿನ ಹಾಗಿದೆ. ನಿಂತಲ್ಲೇ ನಿಲ್ಲಿಸಿ. ಆಯಿಲನ್ನು ತೊಳೆದ ತಟ್ಟೆಗೆ ಇಳಿಸಿ, ಫಿಲ್ಟರನ್ನು ಕಟರಿನಿಂದ ಕೊಯ್ಯಿರಿ. ಗರಗಸ ಬೇಡ, ಅದರ ಪುಡಿ ಬಿದ್ದರೆ ಯಾವುದು ಎಂಜಿನ್ನಿನದು, ಯಾವುದು ಗರಗಸದ್ದು ಗೊತ್ತಾಗುವುದಿಲ್ಲ. ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಆಯಸ್ಕಾಂತಕ್ಕೆ ಹತ್ತಿದರೆ ಕಬ್ಬಿಣ. ಹತ್ತದೆ, ತಾಮ್ರದ ಬಣ್ಣದಲ್ಲಿ ಮಿರಿಮಿರಿ ಹೊಳೆಯುವ ಹೊಟ್ಟು ಕಂಡರೆ ಬೇರಿಂಗಿನ ಮೇಲಿನ ಪದರ ಸವೆದು ಒಳಪದರ ಬಂದಿದೆ ಎಂದು ಅರ್ಥ. ಹಾಗೇನಾದರೂ ಕಂಡರೆ ನನ್ನ ಉತ್ತರಕ್ಕೆ ಕಾಯುತ್ತಾ ಕೂರಬೇಡಿ. ಸ್ಟಾರ್ಟ್ ಮಾಡದೆ, ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಹೋಗಿ.