ಲಾಳ ಕಟ್ಟುವವರ ಅಡಿಗಲ್ಲು ಕುಲುಮೆಗೆ ಆಗುತ್ತದಾ?

ಪ್ರಶ್ನೆ: ನಮ್ಮೂರು ಕುಣಿಗಲ್ ಹತ್ತಿರ. ಅಪ್ಪನ ಕುಲುಮೆಯನ್ನು ಈಗ ನಾನೇ ನಡೆಸುತ್ತಿದ್ದೇನೆ. ಕುಡುಗೋಲು, ಮಚ್ಚು, ಗುದ್ದಲಿ ಮಾಡುತ್ತೇನೆ, ಹಾರೆಗೆ ಮೊನೆ ತಟ್ಟಿಕೊಡುತ್ತೇನೆ. ಕುದುರೆಗೆ ಲಾಳ ಕಟ್ಟುತ್ತಿದ್ದ ಹಿರಿಯರೊಬ್ಬರು ತಮ್ಮ ಅಡಿಗಲ್ಲು, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ, ಮಾರುತ್ತಿದ್ದಾರೆ. ಮುಂದಕ್ಕೆ ಚಾಚಿದ ಉದ್ದ ಕೊಂಬು, ಸಣ್ಣ ನಡು, ಇಂಗ್ಲೆಂಡಿನದು ಅಂತೆ. ಪಕ್ಕದಲ್ಲಿ 0 3 10 ಅಂತ ಇದೆ. 60 ಕಿಲೋ ಅನ್ನುತ್ತಾರೆ. ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದಾರೆ. ತಗೊಳ್ಳಬಹುದಾ?

ಉತ್ತರ: ಮೊದಲು ತೂಕ. ಇಂಗ್ಲೆಂಡಿನ ಹಳೆಯ ಅಡಿಗಲ್ಲಿನ ಮೇಲೆ ಹೀಗೆ ಮೂರು ಅಂಕಿ ಇದ್ದರೆ ಮೊದಲನೆಯದು 112 ಪೌಂಡಿನ ಲೆಕ್ಕ, ನಡುವಿನದು 28 ಪೌಂಡಿನದು, ಕೊನೆಯದು ಬಿಡಿ ಪೌಂಡು. ನಿಮ್ಮದರಲ್ಲಿ ಮೂರು ಇಪ್ಪತ್ತೆಂಟು 84, ಅದಕ್ಕೆ 10 ಸೇರಿ 94 ಪೌಂಡು. ಅಂದರೆ ಸುಮಾರು 43 ಕಿಲೋ, 60 ಅಲ್ಲ. ಅವರು ಅಂದಾಜಿನಲ್ಲಿ ಹೇಳಿರಬಹುದು, ಜಗಳ ಬೇಡ, ಒಮ್ಮೆ ತೂಕಕ್ಕೆ ಹಾಕಿಸಿ.

ತೂಕಕ್ಕಿಂತ ದೊಡ್ಡ ಮಾತು ಆ ತೂಕ ಎಲ್ಲಿದೆ ಅನ್ನೋದು. ಲಾಳ ಕಟ್ಟುವವರು ಅಡಿಗಲ್ಲನ್ನು ಲಾಯದಿಂದ ಲಾಯಕ್ಕೆ ಹೊತ್ತು ತಿರುಗಬೇಕು, ಲಾಳದ ಕಬ್ಬಿಣವೂ ತೆಳು, ಹಾಗಾಗಿ ನಡು ಸಣ್ಣ ಮಾಡಿ, ಲಾಳ ಬಗ್ಗಿಸಲು ಕೊಂಬು ಉದ್ದ ಬಿಟ್ಟು, ಹಿಂಬದಿಯನ್ನೂ ತೆಳ್ಳಗೆ ಚಾಚಿರುತ್ತಾರೆ. ನಮಗೆ ಬೇಕಾದ್ದು ಸುತ್ತಿಗೆ ಬೀಳುವ ಜಾಗದ ಕೆಳಗೇ ಕಬ್ಬಿಣ. ಒಂದು ಕಿಲೋ ಸುತ್ತಿಗೆಯಲ್ಲಿ ಕುಡುಗೋಲು, ಮಚ್ಚು ತಟ್ಟಲು ಇದು ಧಾರಾಳ ಸಾಕು. ಆದರೆ ಹಾರೆಯನ್ನು ಹಿಂಬದಿಯ ಮೇಲಿಟ್ಟು ಇಬ್ಬರು ಸಮ್ಮಟಿಗೆಯಲ್ಲಿ ಬಡಿದರೆ ಅಲ್ಲಿಗೇ ಮುರಿಯಬಹುದು, ಅದೂ ಉಳಿಯಂಥ ಸಾಮಾನು ಸಿಕ್ಕಿಸುವ ಚೌಕದ ತೂತಿನ ಮಗ್ಗುಲಲ್ಲೇ. ನೋಡಲು ಹೋದಾಗ ಆ ತೂತಿನ ನಾಲ್ಕು ಮೂಲೆಗಳಿಗೂ ಟಾರ್ಚ್ ಬಿಟ್ಟು, ಕೂದಲೆಳೆಯಂಥ ಬಿರುಕು ಇದೆಯಾ ನೋಡಿ.

ಹೊಸ ಬಣ್ಣದ ಬಗ್ಗೆ ಎಚ್ಚರ. ಹತ್ತಾರು ವರ್ಷದ ಹಿಂದೆ ನಾನೂ ಹೀಗೆ ಫಳಫಳ ಹೊಳೆಯುವ ಒಂದನ್ನು ತಂದೆ. ಮನೆಗೆ ಬಂದು ತಂತಿ ಬ್ರಷ್‌ನಲ್ಲಿ ಉಜ್ಜಿದರೆ, ಅಂಚಿನುದ್ದಕ್ಕೂ ವೆಲ್ಡಿಂಗ್ ಹಚ್ಚಿ ಗ್ರೈಂಡರ್‌ನಲ್ಲಿ ಸವರಿದ್ದರು. ಮೂರನೇ ದಿನ ಅಂಗೈ ಅಗಲದ ಚೂರು ಎದ್ದು ಬಂತು. ದುಡ್ಡಿಗಿಂತ, ಚೂರು ಹಾರಿ ಕಣ್ಣಿಗೆ ಬಿದ್ದಿದ್ದರೆ ಅಂತ ಈಗಲೂ ಎದೆ ಝಲ್ ಅನ್ನುತ್ತದೆ. ಅದಕ್ಕೇ ಮೇಲ್ಮೈ ಮತ್ತು ಅಂಚಿನ ಬಣ್ಣ ಕೆರೆದು ತೋರಿಸಿ ಅಂತ ಕೇಳಿ. ಒಪ್ಪದಿದ್ದರೆ ಎದ್ದು ಬನ್ನಿ.

ಮುಂದೆ ಗುಂಡಿನ ಪರೀಕ್ಷೆ. ಗ್ಯಾರೇಜಿನಿಂದ ಒಂದಿಂಚಿನ ಬೇರಿಂಗ್ ಗುಂಡು ತನ್ನಿ, ಪಕ್ಕದಲ್ಲಿ ಸ್ಕೇಲ್ ಹಿಡಿದು 25 ಸೆಂಟಿಮೀಟರ್ ಎತ್ತರದಿಂದ ಕೈಬಿಡಿ. 18 ಸೆಂಟಿಮೀಟರಿಗಿಂತ ಜಾಸ್ತಿ ಪುಟಿದರೆ ಉಕ್ಕು ಚೆನ್ನಾಗಿದೆ. ಅರ್ಧಕ್ಕೂ ಏಳದೆ ಸುಮ್ನೆ ಬಿದ್ದುಕೊಂಡರೆ ಅದು ಎರಕದ ಕಬ್ಬಿಣ ಇರಬೇಕು, ಇಲ್ಲವೇ ಯಾವಾಗಲೋ ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡಿರಬೇಕು. ಒಂದೇ ಕಡೆ ನೋಡಿ ನಿಲ್ಲಿಸಬೇಡಿ. ಹತ್ತು ಕಡೆ ಬಿಡಿ. ಎಲ್ಲಾ ಕಡೆ ಪುಟಿದು ಒಂದು ಜಾಗದಲ್ಲಿ ಮಾತ್ರ ಸತ್ತಂತೆ ಬಿದ್ದರೆ ಅಲ್ಲಿ ಕಬ್ಬಿಣದ ಮೈ ಮೇಲೆ ಬೆಸೆದ ಉಕ್ಕಿನ ಹಲಗೆ ಒಳಗಿಂದ ಬಿಟ್ಟಿರಬಹುದು. ಅಂಥದ್ದು ಬೇಡವೇ ಬೇಡ. ಸದ್ದನ್ನಷ್ಟೇ ನಂಬಬೇಡಿ, ಕೆಲವು ಒಳ್ಳೆಯ ಅಡಿಗಲ್ಲುಗಳೂ ಟಣ್ ಅನ್ನುವುದಿಲ್ಲ.

ನಡುವೆ ಸ್ವಲ್ಪ ತಗ್ಗು, ಅಲ್ಲಲ್ಲಿ ಮೊಂಡಾದ ಅಂಚು ಇದ್ದರೆ ಚಿಂತೆ ಇಲ್ಲ. ನುಣುಪು ಮಾಡ್ತೀನಿ ಅಂತ ಗ್ರೈಂಡರ್ ಮಾತ್ರ ಹಿಡಿಯಬೇಡಿ, ಗಟ್ಟಿ ಇರುವುದೇ ಮೇಲಿನ ಪದರ.

ರೈಲು ಹಳಿ ತುಂಡು ಸಾಕಲ್ವಾ ಅಂತ ಯಾರಾದರೂ ಹೇಳಬಹುದು. ನೆಟ್ಟಗೆ ನಿಲ್ಲಿಸಿ ಹೂತರೆ ಅದೂ ಒಳ್ಳೆಯದೇ, ಇಡೀ ತೂಕ ಪೆಟ್ಟಿನ ಕೆಳಗೇ ಬರುತ್ತದೆ. ಆದರೆ ಬಿಲ್ ಇಲ್ಲದ ಹಳಿ ಮುಟ್ಟಬೇಡಿ, ಕದ್ದ ರೈಲ್ವೆ ಸಾಮಾನು ಇಟ್ಟುಕೊಂಡರೆ 1966ರ ರೈಲ್ವೆ ಆಸ್ತಿ (ಅಕ್ರಮ ಸ್ವಾಧೀನ) ಕಾಯ್ದೆಯಡಿ ಜೈಲೂ ಆಗಬಹುದು.

ಗುಂಡು ಚೆನ್ನಾಗಿ ಪುಟಿದು, ಬಿರುಕು, ವೆಲ್ಡಿಂಗ್ ಎರಡೂ ಇಲ್ಲದಿದ್ದರೆ ತಗೊಳ್ಳಿ, 43 ಕಿಲೋ ಲೆಕ್ಕಕ್ಕೆ ದುಡ್ಡು ಕೊಡಿ. ಅಪ್ಪನ ಹಳೇ ಅಡಿಗಲ್ಲನ್ನು ಮಾತ್ರ ಮಾರಬೇಡಿ. ಹಾರೆ ಕೆಲಸ ಅದರ ಮೇಲೇ ಇರಲಿ.